ಡ್ರೈವ್ ಶಾಫ್ಟ್ ಬೂಟ್ ಬದಲಾವಣೆ: ರಬ್ಬರಿಗಿಂತ ಮೊದಲು ಗ್ರೀಸನ್ನು ನೋಡಿ

ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಆ ಚಕ್ರಗಳಿಗೆ ಮೂರು ಕೆಲಸ. ಉರುಳಬೇಕು, ಸ್ಟೀರಿಂಗ್ ತಿರುಗಿಸಿದತ್ತ ಹೊರಳಬೇಕು, ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಏರಿಳಿಯಬೇಕು. ಗೇರ್‌ಬಾಕ್ಸ್ ಮಾತ್ರ ಇದ್ದಲ್ಲೇ ಇರುತ್ತದೆ. ಇವೆರಡರ ನಡುವಿನ ಡ್ರೈವ್ ಶಾಫ್ಟಿನ, ಅಂದರೆ ಚಕ್ರವನ್ನು ತಿರುಗಿಸುವ ದಂಡದ, ಎರಡೂ ತುದಿಗಳಲ್ಲಿ ಸಿ.ವಿ. ಜಾಯಿಂಟ್, ಅಂದರೆ ಸ್ಥಿರ ವೇಗದ ಕೀಲು, ಇರುವುದು ಇದಕ್ಕಾಗಿಯೇ. ಆ ಕೀಲನ್ನು ಮುಚ್ಚುವ ರಬ್ಬರ್ ಹೊದಿಕೆಯೇ ಬೂಟ್. ಇಲ್ಲಿ ‘ಸ್ಥಿರ’ ಎಂಬ ಪದವನ್ನು ಹಗುರವಾಗಿ ಓದಬೇಡಿ. ಶಿಲುಬೆಯಾಕಾರದ ಒಂಟಿ ಯೂನಿವರ್ಸಲ್ ಜಾಯಿಂಟನ್ನು 30 ಡಿಗ್ರಿ ಬಾಗಿಸಿ ತಿರುಗಿಸಿದರೆ, ಒಂದು ಬದಿಯ ಶಾಫ್ಟ್ ಸಮವೇಗದಲ್ಲಿ ತಿರುಗುತ್ತಿದ್ದರೂ ಇನ್ನೊಂದರ ವೇಗ ಪ್ರತಿ ಸುತ್ತಿನಲ್ಲೂ ಎರಡೆರಡು ಬಾರಿ 0.87 ಪಟ್ಟಿಗೆ ಇಳಿದು 1.15 ಪಟ್ಟಿಗೆ ಏರುತ್ತದೆ. ಅಂಥ ಜಗ್ಗಾಟವನ್ನು ಹೊರಳುವ ಮುಂದಿನ ಚಕ್ರ ತಾಳದು.

ಚಕ್ರದ ಬದಿಯ ಹೊರ ಜಾಯಿಂಟ್ ಸಾಮಾನ್ಯವಾಗಿ 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ರೂಪಿಸಿದ ಮಾದರಿಯದು. ಒಳಬಟ್ಟಲು, ಹೊರಬಟ್ಟಲು, ನಡುವೆ ಪಂಜರದಲ್ಲಿ ಕೂತ ಆರು ಉಕ್ಕಿನ ಗುಂಡುಗಳು. ಶಾಫ್ಟ್ ಎಷ್ಟೇ ಬಾಗಲಿ, ಗುಂಡುಗಳೆಲ್ಲ ಆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ನಿಲ್ಲುತ್ತವೆ. ವೇಗ ಸಮವಾಗಿ ದಾಟುವುದರ ಗುಟ್ಟು ಇಷ್ಟೇ. ಗೇರ್‌ಬಾಕ್ಸ್ ಬದಿಯ ಒಳ ಜಾಯಿಂಟಿನಲ್ಲಿ ಹೆಚ್ಚಾಗಿ ಮೂರು ರೋಲರುಗಳಿರುತ್ತವೆ. ಅದು ಬಾಗುವುದರ ಜೊತೆಗೆ ಒಳಗೂ ಹೊರಗೂ ಜಾರುತ್ತದೆ.

ಈ ಗುಂಡುಗಳ ಆಯುಷ್ಯವನ್ನು ಕಾಯುವುದು ಮಡಿಕೆ ಮಡಿಕೆಯ ರಬ್ಬರ್ ಬೂಟ್. ಗ್ರೀಸನ್ನು ಒಳಗಿಡುವುದು, ದೂಳು ನೀರನ್ನು ಹೊರಗಿಡುವುದು ಅದರ ಕೆಲಸ. ಹೊರ ಬೂಟ್ ಸ್ಟೀರಿಂಗಿನೊಂದಿಗೆ ದಿನವಿಡೀ ಬಾಗುವುದರಿಂದ ಸಾಮಾನ್ಯವಾಗಿ ಮೊದಲು ಸೀಳುವುದು ಅದೇ, ಅದೂ ಮಡಿಕೆಯ ತಗ್ಗಿನಲ್ಲಿ. ಆದ್ದರಿಂದ ಮೇಲಿಂದ ಕಣ್ಣಾಡಿಸಿದರೆ ಸಾಲದು. ಸ್ಟೀರಿಂಗನ್ನು ಒಂದು ಕೊನೆಗೆ ತಿರುಗಿಸಿಟ್ಟು, ಚಕ್ರವನ್ನು ನಿಧಾನವಾಗಿ ಉರುಳಿಸುತ್ತ ಪ್ರತಿ ಮಡಿಕೆಯನ್ನೂ ಬೆರಳಿನಿಂದ ಅಗಲಿಸಿ ನೋಡಬೇಕು. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸ್ ಎರಚಿಕೊಂಡಿದ್ದರೆ ಸೀಳು ಇರುವುದು ಬಹುತೇಕ ಖಚಿತ.

ಈಗ ಮುಖ್ಯ ಪ್ರಶ್ನೆ: ಬೂಟ್ ಮಾತ್ರ ಸಾಕೇ, ಜಾಯಿಂಟೂ ಹೋಗಿದೆಯೇ? ಪೂರ್ತಿ ತಿರುವಿನಲ್ಲಿ ನಿಧಾನವಾಗಿ ಚಲಿಸುವಾಗ ಟಕ್ ಟಕ್ ಸದ್ದು ಬರುತ್ತಿದ್ದರೆ ಹೊರ ಜಾಯಿಂಟಿನಲ್ಲಿ ಸವೆತ ಆಗಲೇ ಆಗಿದೆ. ಹೊಸ ರಬ್ಬರ್ ಅದನ್ನು ವಾಸಿ ಮಾಡುವುದಿಲ್ಲ. ಸದ್ದಿಲ್ಲದಿದ್ದರೆ ಸೀಳಿನ ಬಳಿಯ ಗ್ರೀಸನ್ನು ಸ್ವಲ್ಪ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಬೆಣ್ಣೆಯಂತೆ ನುಣುಪಾಗಿ ಹರಡಿದರೆ ಒಳ್ಳೆಯ ಸೂಚನೆ. ಮರಳಿನಂತೆ ಕರಕರ ಎಂದರೆ ಜಾಯಿಂಟನ್ನು ತೊಳೆದು ಪರೀಕ್ಷಿಸುವವರೆಗೆ ಏನನ್ನೂ ನಿರ್ಧರಿಸಬೇಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕಲಿಯಬೇಕಾದದ್ದು ಈ ಪರೀಕ್ಷೆಯೇ.

ಕಳಚುವ ಕ್ರಮ ಕಾರಿನಿಂದ ಕಾರಿಗೆ ತುಸು ಬೇರೆ. ಹಬ್ಬಿನ, ಅಂದರೆ ಚಕ್ರವನ್ನು ಬಿಗಿದಿರುವ ಭಾಗದ, ನಡುವಿನ ದೊಡ್ಡ ನಟ್ಟು 200 ನ್ಯೂಟನ್ ಮೀಟರಿಗೂ ಮೀರಿ ಬಿಗಿಯಾಗಿರುವುದುಂಟು. ಚಕ್ರ ನೆಲದ ಮೇಲಿದ್ದು ಬ್ರೇಕ್ ಹಿಡಿದಿರುವಾಗಲೇ ಅದನ್ನು ಸಡಿಲಿಸಿಕೊಳ್ಳಿ. ಬಳಿಕ ಕಾರನ್ನು ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜ್ಯಾಕನ್ನು ನಂಬಿ ಕೆಳಗೆ ಕೈ ಹಾಕಲೇಬಾರದು. ಹಬ್ಬನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿ ಹಬ್ಬನ್ನು ಹೊರಗೆಳೆದರೆ ಶಾಫ್ಟಿನ ತುದಿ ಕಳಚಿಕೊಳ್ಳುತ್ತದೆ. ಬ್ರೇಕಿನ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ತೆಗೆದಿದ್ದರೆ ಅದನ್ನು ತಂತಿಯಿಂದ ಕಟ್ಟಿ ತೂಗಿಬಿಡಿ, ಅದರ ಭಾರ ಬ್ರೇಕ್ ಹೋಸಿನ ಮೇಲೆ ಬೀಳಬಾರದು. ಚಕ್ರದ ವೇಗ ಅಳೆಯುವ ಎ.ಬಿ.ಎಸ್. ಸೆನ್ಸರಿನ ತಂತಿ ಜಗ್ಗದಂತೆಯೂ ನೋಡಿಕೊಳ್ಳಿ. ಒಳತುದಿಯನ್ನು ಗೇರ್‌ಬಾಕ್ಸಿನಿಂದ ಎಳೆಯುವ ಮೊದಲು ಕೆಳಗೆ ಒಂದು ತಟ್ಟೆ ಇಡಿ, ಎಣ್ಣೆ ಸುರಿಯಬಹುದು. ಎಳೆಯುವಾಗ ಶಾಫ್ಟನ್ನೇ ಹಿಡಿದು ಜಗ್ಗಿದರೆ ಒಳ ಜಾಯಿಂಟ್ ಒಳಗೇ ಬಿಚ್ಚಿಕೊಳ್ಳುತ್ತದೆ. ಸನ್ನೆಕೋಲನ್ನು ಜಾಯಿಂಟಿನ ಬುಡಕ್ಕೆ ಕೊಟ್ಟು ಮೀಟಬೇಕು.

ಶಾಫ್ಟನ್ನು ವೈಸಿನಲ್ಲಿ ಮರದ ತುಂಡುಗಳ ನಡುವೆ ಹಿಡಿಸಿ, ಹಳೆಯ ಕ್ಲಾಂಪು ಮತ್ತು ಬೂಟನ್ನು ಕತ್ತರಿಸಿ ತೆಗೆಯಿರಿ. ಕೆಲವು ಜಾಯಿಂಟುಗಳಲ್ಲಿ ಸರ್‌ಕ್ಲಿಪ್ಪನ್ನು, ಅಂದರೆ ಜಾಯಿಂಟನ್ನು ಶಾಫ್ಟಿನ ಮೇಲೆ ಹಿಡಿದಿಡುವ ಸ್ಪ್ರಿಂಗ್ ಉಂಗುರವನ್ನು, ಇಕ್ಕಳದಿಂದ ಅಗಲಿಸಬೇಕು. ಇನ್ನು ಕೆಲವನ್ನು ಒಳಬಟ್ಟಲಿಗೆ ಹಿತ್ತಾಳೆ ಸರಳನ್ನು ಇಟ್ಟು ಒಂದು ಗಟ್ಟಿ ಪೆಟ್ಟು ಕೊಟ್ಟರೆ ಬಿಡಿಸಿಕೊಳ್ಳಬಹುದು. ಪಂಜರಕ್ಕಂತೂ ಹೊಡೆಯಬೇಡಿ. ನಂತರ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ಹಳೆಯ ಗ್ರೀಸಿನ ಕುರುಹೂ ಉಳಿಯದಂತೆ ತೊಳೆದು ಪೂರ್ತಿ ಒಣಗಿಸಿ. ಬಟ್ಟಲನ್ನು ಓರೆ ಮಾಡಿ ಒಂದೊಂದೇ ಗುಂಡನ್ನು ಹೊರಳಿಸಿ, ಅದು ಓಡುವ ತೋಡಿನ ಉದ್ದಕ್ಕೂ ಉಗುರು ಆಡಿಸಿ. ಹೊಳಪಿನ ಗೆರೆ ಸಹಜ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ, ಗುಂಡಿನ ಮೇಲೆ ಸಣ್ಣ ಕುಳಿ ಕಂಡರೆ, ಇಡೀ ಜಾಯಿಂಟನ್ನೇ ಬದಲಿಸಿ.

ಜೋಡಿಸುವಾಗ ಸಣ್ಣ ಕ್ಲಾಂಪು, ಬೂಟು, ದೊಡ್ಡ ಕ್ಲಾಂಪು ಇವು ಜಾಯಿಂಟಿಗಿಂತ ಮೊದಲೇ ಶಾಫ್ಟಿಗೆ ಏರಬೇಕು. ನಾನು ಒಮ್ಮೆ ಇದನ್ನು ಮರೆತು ಜಾಯಿಂಟನ್ನು ಮತ್ತೆ ಕಳಚಬೇಕಾಯಿತು. ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿಕೊಂಡರೆ ಹೊಸ ರಬ್ಬರ್ ತರಚುವುದಿಲ್ಲ. ಸರ್‌ಕ್ಲಿಪ್ ಹೊಸದೇ ಇರಲಿ. ಬೂಟಿನ ಜೊತೆ ಬಂದ ಗ್ರೀಸನ್ನು ಅಳತೆಯೆಂದೇ ತಿಳಿದು ಪೂರ್ತಿ ಬಳಸಿ: ಮೊದಲು ಗುಂಡುಗಳ ನಡುವೆ ಒತ್ತಿ ತುಂಬಿ, ಉಳಿದದ್ದನ್ನು ಬೂಟಿಗೆ ಹಾಕಿ. ಹೊರ ಜಾಯಿಂಟಿಗೆ ಸಾಮಾನ್ಯವಾಗಿ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಗ್ರೀಸ್ ಬೇಕು. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿಗೆ ಸಲ್ಲದು.

ಬೂಟಿನ ಎರಡೂ ಬಾಯಿಗಳನ್ನು ಅವುಗಳ ತೋಡಿನಲ್ಲಿ ಕೂರಿಸಿ, ಕ್ಲಾಂಪ್ ಬಿಗಿಯುವ ಮುನ್ನ ಒಂದು ಸಣ್ಣ ಕೆಲಸ ಇದೆ. ಮೊನೆಯಿಲ್ಲದ ತೆಳು ಸ್ಕ್ರೂಡ್ರೈವರನ್ನು ಬಾಯಿಯ ಅಂಚಿನಡಿ ತೂರಿಸಿ ಒಳಗಿನ ಗಾಳಿಯನ್ನು ಹೊರಗಿನ ಗಾಳಿಯೊಂದಿಗೆ ಸಮ ಮಾಡಿಕೊಳ್ಳಿ. ಗಾಳಿ ಹೆಚ್ಚು ಸಿಕ್ಕಿಕೊಂಡರೆ ಬೂಟ್ ಬಲೂನಿನಂತೆ ಉಬ್ಬುತ್ತದೆ, ಕಡಿಮೆಯಾದರೆ ಮಡಿಕೆಗಳು ಒಳಗೆ ಎಳೆದುಕೊಂಡು ಒಂದಕ್ಕೊಂದು ಉಜ್ಜುತ್ತವೆ. ಎರಡರಲ್ಲೂ ಹೊಸ ರಬ್ಬರ್ ಬೇಗ ಸೀಳುತ್ತದೆ.

ಹಬ್ಬಿನ ನಟ್ಟು ಹೊಸದಾಗಿರಲಿ, ಬಿಗಿತ ಆ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಗೇರ್‌ಬಾಕ್ಸಿನಿಂದ ಸುರಿದ ಎಣ್ಣೆಯನ್ನು ಮರಳಿ ತುಂಬಿಸಿ. ಆಮೇಲೆ ಬಯಲಿನಲ್ಲಿ ಎರಡೂ ಕಡೆಗೆ ಪೂರ್ತಿ ತಿರುವು ಕೊಟ್ಟು ನಿಧಾನವಾಗಿ ಓಡಿಸಿ, ಕಿವಿಗೊಟ್ಟು ಕೇಳಿ. ಕೆಲವು ದಿನ ಓಡಿಸಿದ ಬಳಿಕ ಮತ್ತೊಮ್ಮೆ ಕೆಳಗೆ ಬಗ್ಗಿ ಎರಡೂ ಕ್ಲಾಂಪುಗಳ ಸುತ್ತ ಬೆರಳಾಡಿಸಿ, ಬೆರಳಿಗೆ ಜಿಡ್ಡು ಹತ್ತಬಾರದು.