40 ಕಡೆ ಬಯೋಡಾಟಾ ಕೊಟ್ಟೀನ್ರಿ, ಒಂದೂ ಫೋನ್ ಬರವಲ್ದು, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಂದು ಮೆಕ್ಯಾನಿಕಲ್ ಡಿಪ್ಲೊಮಾ ಆಗೇತ್ರಿ, ಊರು ಗೋಕಾಕ ಹತ್ರ. ಬೆಳಗಾವಿ ಕಡೆ ಇಂಡಸ್ಟ್ರಿಯಲ್ ಏರಿಯಾ ಉದ್ಯಮಬಾಗ, ಮಚ್ಛೆ, ಹೊನಗಾ ಎಲ್ಲಾ ಸೇರಿ 40 ಬಯೋಡಾಟಾ ಕೊಟ್ಟೀನಿ, ವಾಟ್ಸಾಪಿನ್ಯಾಗ ಕಳ್ಸಿದ್ದು ಬ್ಯಾರೆ. ಒಬ್ರೂ ಕರೀವಲ್ರು. ಚೊಲೋ ಕಲರ್ ಡಿಸೈನ್ ಹಾಕಿ ಮಾಡಿಸ್ಲೇನ್ರಿ?

ಬ್ಯಾಡ ತಮ್ಮಾ, ಡಿಸೈನಿಗೆ ರೊಕ್ಕ ಹಾಕಬ್ಯಾಡ.

ನಾ ಉದ್ಯಮಬಾಗದಾಗ ಒಂದ್ ಸಣ್ಣ ಮಷೀನ್ ಶಾಪಿನ್ಯಾಗ ಭಾಳ ವರ್ಷ ಇದ್ದಾಂವ, ಹುಡುಗೂರನ್ನ ತಗೊಳ್ಳೂ ಕೆಲಸಾನೂ ನನ್ನ ತಲಿಗೇ ಇತ್ತು. ಗೇಟಿನ ವಾಚ್‌ಮನ್ ಬಂದ ಬಯೋಡಾಟಾ ಎಲ್ಲಾ ಒಂದ್ ಕ್ಯಾರಿಬ್ಯಾಗಿನ್ಯಾಗ ತುಂಬಿ ಇಡ್ತಿದ್ದ, ಊಟ ಆದಮ್ಯಾಲೆ ಒಂದ್ ಕೈಯಾಗ ಚಾ, ಇನ್ನೊಂದ್ ಕೈಯಾಗ ಆ ಹಾಳಿ, ಒಂದ್ ಗುಟುಕು ಗಂಟಲಾಗ ಇಳಿಯೂದ್ರಾಗ ಒಂದ್ ಬಯೋಡಾಟಾ ಆ ಕಡೆನೋ ಈ ಕಡೆನೋ ಹೋಗಿರ್ತಿತ್ತು. ಎಲ್ಲಾದ್ರ ತಲಿಮ್ಯಾಲೂ ಅದ ಕರಿಯರ್ ಆಬ್ಜೆಕ್ಟಿವ್, ಅದ ಹಾರ್ಡ್‌ವರ್ಕಿಂಗ್, ಅದ ಸಿನ್ಸಿಯರ್. ಝೆರಾಕ್ಸ್ ಅಂಗಡಿಯಾಂವ ಒಂದ ಫೈಲ್ ಇಟ್ಕೊಂಡು ಹೆಸರಷ್ಟ ಬದಲ್ ಮಾಡಿ ಕೊಡ್ತಾನ, ಹಿಂಗಾಗಿ ಒಬ್ಬ ಫಿಟ್ಟರ್ ಹುಡುಗನ ಬಯೋಡಾಟಾದಾಗ ಬ್ಯಾಂಕಿಂಗ್ ಕ್ಷೇತ್ರದಾಗ ಬೆಳೀಬೇಕನ್ನೂದ ನನ್ನ ಗುರಿ ಅಂತ ಇತ್ತು, ಪಾಪ ಅವನೂ ಓದಿ ನೋಡಿರಲಿಲ್ಲ.

ಆ ಒಂದ್ ಗುಟುಕಿನ್ಯಾಗ ನಾವು ಹುಡಕೂದು ಏನು? ಯಾವ ಮಷೀನ್, ಯಾವ ಕಂಟ್ರೋಲ್, ಯಾವ ಜಾಬ್ (ಅಂದ್ರ ಮಷೀನ್ ಮ್ಯಾಲೆ ಮಾಡೂ ಭಾಗ), ಅಳತಿ ತಗಿಯಾಕ ಬರ್ತೈತೋ ಇಲ್ಲೋ, ಇಷ್ಟ. ಇದು ಮೊದಲ ಅರ್ಧ ಹಾಳಿಯೊಳಗ ಸಿಗಬೇಕು. ಸಿಎನ್‌ಸಿ (ಕಂಪ್ಯೂಟರಿಂದ ನಡಿಯೂ ಮಷೀನ್) ಗೊತ್ತು ಅಂತ ಬರದ್ರ ಏನೂ ತಿಳಿಯೂದಿಲ್ಲ. ಅದನ್ನ ಹಿಂಗ ಬರೀ: "ಫಾನುಕ್ ಕಂಟ್ರೋಲಿನ ವಿಎಂಸಿ ಮ್ಯಾಲೆ 8 ತಿಂಗಳು, ಹೈಡ್ರಾಲಿಕ್ ವಾಲ್ವ್ ಬಾಡಿ ಜಾಬ್. ಡ್ರಾಯಿಂಗ್ ಓದಿ ಸೆಟ್ಟಿಂಗ್ ಮಾಡುವೆ, ಆಫ್‌ಸೆಟ್ ಕೊಡುವೆ. ಮೈಕ್ರೋಮೀಟರ್, ಬೋರ್ ಗೇಜ್ ಬಳಕೆ ಗೊತ್ತು." ವಿಎಂಸಿ ಅಂದ್ರ ಸಿಎನ್‌ಸಿ ಮಿಲ್ಲಿಂಗ್ ಮಷೀನ್, ಫಾನುಕ್ ಅಂದ್ರ ಅದನ್ನ ನಡಸೂ ಕಂಟ್ರೋಲಿನ ಕಂಪನಿ. ಇದನ್ನ ಓದಿದಾಂವ ಫೋನ್ ಎತ್ತತಾನ, ಯಾಕಂದ್ರ ಹುಡುಗ ಮಷೀನ್ ಮುಂದ ನಿಂತಾನ ಅಂತ ಗೊತ್ತಾತು. ಮಾಡಿದ್ದಷ್ಟ ಬರೀ ಮತ್ತ, ಆಟೋಕ್ಯಾಡ್ ಬರ್ತೈತಿ ಅಂತ ಬರದು ಇಂಟರ್‌ವ್ಯೂದಾಗ ಒಂದ್ ಫ್ಲಾಂಜಿನ ಡ್ರಾಯಿಂಗ್ ತಗಿ ಅಂದ್ರ ಮೌಸ್ ಹಿಡಕೊಂಡು ಬೆವತಾವರನ್ನ ಭಾಳ ಮಂದಿ ನೋಡೀನಿ.

ನಂಗ ಅನುಭವಾನ ಇಲ್ರಿ ಅಂತೀಯೇನು? ಇಲ್ಲೇ ನಮ್ಮ ಹುಡುಗೂರು ತಪ್ಪೂದು. ನಮ್ಮ ಜಿಲ್ಲಾದಾಗ ಸಕ್ರಿ ಫ್ಯಾಕ್ಟರಿ ಎಷ್ಟ್ ಅದಾವು, ಸೀಸನ್ನಿನ್ಯಾಗ ಮಿಲ್ ಹೌಸಿನೊಳಗ ಫಿಟ್ಟರ್ ಹೆಲ್ಪರ್ ಆಗಿ ರಾತ್ರಿ ಪಾಳಿ ಮಾಡಿರ್ತಾರ, ಇಲ್ಲಾ ಕಾಕಾನ ವೆಲ್ಡಿಂಗ್ ಅಂಗಡ್ಯಾಗ ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿರ್ತಾರ, ಆದ್ರ ಅದೇನ್ ಬರಿಯೂದ್ ಬಿಡು ಅಂತ ನಾಚ್ಕೊಂಡು ಬಿಟ್ಟು ಹಾಬಿ ಕಾಲಮ್ಮಿನ್ಯಾಗ ಕ್ರಿಕೆಟ್ ಅಂತ ಬರೀತಾರ. ಎರಡ್ ಸೀಸನ್ ಬೇರಿಂಗ್ ಬಿಚ್ಚಿ ಹಾಕಿದ ಕೈ ನಮಗ ಬೇಕಾಗೂದು, ಕ್ರಿಕೆಟ್ ಅಲ್ಲ. ಕಾಲೇಜ್ ಪ್ರಾಜೆಕ್ಟಿನ್ಯಾಗ ನೀ ಖುದ್ದ ಏನ್ ಮಾಡಿದಿ ಅದನ್ನೂ ಒಂದ್ ಸಾಲು ಹಾಕು. ಅದೂ ಇಲ್ಲಂದ್ರ ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ) ಪೋರ್ಟಲ್‌ದಾಗ ಹೆಸರು ಹಚ್ಚು, ಡಿಪ್ಲೊಮಾ ಆದವರಿಗೆ 1 ವರ್ಷದ ಅಪ್ರೆಂಟಿಸ್‌ಶಿಪ್ ಐತಿ, ಸ್ಟೈಪೆಂಡ್ ಬರ್ತೈತಿ, ಸರ್ಟಿಫಿಕೇಟೂ ಸಿಗತೈತಿ.

ಇನ್ನೊಂದು ಮಾತು, ಇದನ್ನ ಯಾರೂ ಹೇಳೂದಿಲ್ಲ. ಗೋಕಾಕ ಅಂತ ಅಡ್ರೆಸ್ ನೋಡಿದ ಕೂಡ್ಲೆ ನಮ್ಮ ತಲ್ಯಾಗ ಬರೂದು, ಇಂವ ದಿನಾ ಬಸ್ಸಿಗೆ ಬರ್ತಾನೋ ಏನೋ, ಸೆಕೆಂಡ್ ಶಿಫ್ಟ್ ಬಿಟ್ಟಮ್ಯಾಲೆ ಹೆಂಗ ಹೋಗ್ತಾನ ಅಂತ. ಅದಕ್ಕ "ಬೆಳಗಾವಿಯಲ್ಲೇ ರೂಮ್ ಮಾಡಿ ಇರುವೆ, ಮೂರೂ ಶಿಫ್ಟ್ ನಡೆಯುತ್ತದೆ" ಅಂತ ಅಡ್ರೆಸ್ ಕೆಳಗ ಹಾಕಿಬಿಡು. ಮರಾಠಿ ಬರ್ತಿದ್ರ ಅದನ್ನೂ ಮ್ಯಾಲ ತಾ, ಇಲ್ಲಿ ಶಾಪ್‌ಫ್ಲೋರಿನ್ಯಾಗ ಅರ್ಧ ಮಾತು ಮರಾಠಿ ಇರ್ತೈತಿ.

ಜಾತಿ, ಮದುವಿ, ಕೊನಿಗಿನ ಡಿಕ್ಲರೇಷನ್ ತಗದು ಹಾಕು. ಆಧಾರ್ ನಂಬರಂತೂ ಬ್ಯಾಡವೇ ಬ್ಯಾಡ, ಬ್ಯಾಡಾದ ಬಯೋಡಾಟಾ ರದ್ದಿಗೆ ಹೋಗಿ ಮಿರ್ಚಿ ಭಜಿ ಕಟ್ಟಾಕ ಬಂದಿದ್ದು ನನ್ನ ಕಣ್ಣಾರೆ ನೋಡೀನಿ.

ದೊಡ್ಡ ಕಂಪನಿಗೆ ಆನ್‌ಲೈನ್ ಹಾಕೂದಾದ್ರ ಮಾತು ಸ್ವಲ್ಪ ಬ್ಯಾರೆ. ಅಲ್ಲಿ ಭಾಳ ಕಡೆ ಮೊದ್ಲ ಸಾಫ್ಟ್‌ವೇರ್ ಓದತೈತಿ. ಎರಡು ಕಾಲಮ್, ಟೇಬಲ್, ಬಣ್ಣದ ಪಟ್ಟಿ ಇದ್ದದ್ದನ್ನ ಅದು ಒಮ್ಮೊಮ್ಮೆ ಖಿಚಡಿ ಮಾಡತೈತಿ, ಮೊಬೈಲಿನ್ಯಾಗ ಫೋಟೋ ಹೊಡದು ಪಿಡಿಎಫ್ ಮಾಡಿದ್ರ ಒಂದ್ ಅಕ್ಷರಾನೂ ಸಿಗೂದಿಲ್ಲಂತನ ತಿಳ್ಕೋ. ಪಿಡಿಎಫ್ ತಗದು ಎಲ್ಲಾ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡಿನ್ಯಾಗ ಪೇಸ್ಟ್ ಮಾಡಿ ನೋಡು, ಓದಾಕ ಬರೂ ಹಂಗಿದ್ರ ಅದಕ್ಕೂ ಬರ್ತೈತಿ. ಜಾಹೀರಾತಿನ್ಯಾಗ ಸಿಎನ್‌ಸಿ ಟರ್ನಿಂಗ್ ಅಂತಿದ್ರ ನೀನೂ ಹಂಗ ಬರೀ, ಬರೇ ಲೇಥ್ ಅನಬ್ಯಾಡ, ಕೆಲಸ ಬರ್ತಿದ್ರ ಅಷ್ಟ.

ವಾಟ್ಸಾಪಿಗೆ ಕಳಸೂಮುಂದ ಫೈಲಿಗೆ ನಿನ್ನ ಹೆಸರು, ಡಿಪ್ಲೊಮಾ, ವಿಎಂಸಿ ಅಂತ ಹೆಸರಿಡು, ನ್ಯೂ ಡಾಕ್ಯುಮೆಂಟ್ 3 ಅಂತ ಬಂದದ್ದನ್ನ ಸಂಜಿಮುಂದ ಯಾರು ಹುಡಕ್ತಾರ. ಮತ್ತ ಮೊದ್ಲ ಒಂದ್ ಕೆಲಸ ಮಾಡು, ಆ 40 ಬಯೋಡಾಟಾದಾಗ ಇದ್ದ ಫೋನ್ ನಂಬರ್ ಈಗಿಂದೋ, ರಿಚಾರ್ಜ್ ಮಾಡದ ಬಿಟ್ಟ ಹಳೇ ಸಿಮ್ಮಿಂದೋ ನೋಡ್ಕೋ.