ಬೇರೆಯವರ ಶಾಲೆಯ ಬಾಗಿಲಲ್ಲಿ ನಿಂತವರು

1885ರಲ್ಲಿ ಪ್ಯಾರಿಸ್‌ನ ಸೀನ್ ನದಿಯ ದಂಡೆಯಲ್ಲಿ ಹಳೆಯ ಪುಸ್ತಕಗಳ ರಾಶಿ ಕೆದಕುತ್ತಿದ್ದ ಹಂಗೇರಿಯ ಮೇಷ್ಟರು ಫೆರೆಂತ್ಸ್ ಕೆಮೆನಿ ಅವರ ಕೈಗೆ ಸಣ್ಣದೊಂದು ಹೊತ್ತಗೆ ಸಿಕ್ಕಿತು. 1817ರಲ್ಲಿ ಅಚ್ಚಾಗಿ, ಯಾರೂ ಓದದೆ ಮೂಲೆ ಸೇರಿದ್ದ ಪುಸ್ತಕ ಅದು. ಬರೆದವರು ಮಾರ್ಕ್ ಆಂತ್ವಾನ್ ಜೂಲಿಯೆನ್. ಒಳಗಿದ್ದದ್ದು ಬಹುಪಾಲು ಪ್ರಶ್ನೆಗಳೇ, ಒಟ್ಟು 266. ನಿಮ್ಮಲ್ಲಿ ಪ್ರಾಥಮಿಕ ಶಾಲೆಗಳೆಷ್ಟು, ಶಿಕ್ಷಕರನ್ನು ಯಾರು ನೇಮಿಸುತ್ತಾರೆ, ಅವರಿಗೆ ಸಿಗುವುದೆಷ್ಟು, ಮಕ್ಕಳು ಯಾವ ವಯಸ್ಸಿಗೆ ಶಾಲೆಗೆ ಬರುತ್ತಾರೆ ಎಂಬ ಬಗೆಯವು. ಯುರೋಪಿನ ಎಲ್ಲ ರಾಜ್ಯಗಳಿಗೂ ಇದೇ ಪ್ರಶ್ನಾವಳಿಯನ್ನು ಕಳಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕೆಂದು ಜೂಲಿಯೆನ್ ಬಯಸಿದ್ದರು. 'ತೌಲನಿಕ ಶಿಕ್ಷಣ' ಎಂಬ ಹೆಸರನ್ನು ಆ ವಿಷಯಕ್ಕೆ ಕೊಟ್ಟವರೂ ಅವರೇ. ಕೆಮೆನಿ ಆ ಪುಸ್ತಕವನ್ನು ಐವತ್ತು ವರ್ಷ ಜೋಪಾನ ಮಾಡಿ, 1935ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಶಿಕ್ಷಣ ಬ್ಯೂರೋಗೆ ಕೊಟ್ಟರು. ಅಲ್ಲಿಂದಾಚೆಗೆ ಜೂಲಿಯೆನ್ ಈ ಶಾಸ್ತ್ರದ ಪಿತಾಮಹ ಎನಿಸಿಕೊಂಡರು. ತಾತ ಯಾರೆಂದು ಮೊಮ್ಮಕ್ಕಳು ಹುಟ್ಟಿದ ಮೇಲೆ ಗೊತ್ತಾದ ಹಾಗೆ.

ಇಂಥ ಪ್ರಶ್ನೆಗಳು ಜೂಲಿಯೆನ್ ತಲೆಗೆ ಬಂದದ್ದಾದರೂ ಹೇಗೆ? ಹದಿನೆಂಟರ ಹರೆಯದಲ್ಲಿ ಅವರು ಫ್ರೆಂಚ್ ಕ್ರಾಂತಿಯ ಏಜೆಂಟ್. ಕ್ರಾಂತಿಯ ನಾಯಕ ರೋಬ್‌ಸ್ಪಿಯರ್ ಇದ್ದ ಸಮಿತಿಗೆ ಊರೂರಿನ ಸುದ್ದಿ ಬರೆದು ಕಳಿಸುವುದು ಕೆಲಸ. ನಾಂತ್ ನಗರದಲ್ಲಿ ಕ್ರಾಂತಿಯ ಹೆಸರಿನಲ್ಲಿ ನಡೆಯುತ್ತಿದ್ದ ಸಾಮೂಹಿಕ ಹತ್ಯೆಯ ಬಗ್ಗೆ ಮೇಲಿನವರಿಗೆ ದೂರು ಬರೆದವರಲ್ಲಿ ಅವರೂ ಒಬ್ಬರು. ರೋಬ್‌ಸ್ಪಿಯರ್ ಬಿದ್ದಾಗ ಸೆರೆಮನೆ, ಆಮೇಲೆ ನೆಪೋಲಿಯನ್ನನ ಸೇನೆಯ ಜೊತೆ ಓಡಾಟ. ಇಷ್ಟೆಲ್ಲ ಕಂಡ ಮನುಷ್ಯ ಸ್ವಿಟ್ಜರ್ಲೆಂಡಿನ ಇವರ್ದೋಂನಲ್ಲಿದ್ದ ಶಿಕ್ಷಣ ಸುಧಾರಕ ಪೆಸ್ತಲೋಜಿಯ ಶಾಲೆಯೊಳಗೆ ಕಾಲಿಟ್ಟಾಗ ಅಲ್ಲಿಯೇ ಮನಸ್ಸು ನೆಟ್ಟದ್ದು ಆಶ್ಚರ್ಯವಲ್ಲ. ತಮ್ಮ ಮಕ್ಕಳನ್ನೂ ಅಲ್ಲಿಗೇ ಸೇರಿಸಿದರು. ರಕ್ತ ನೋಡಿ ದಣಿದವನು ಅಂಕಿಅಂಶ ಕೇಳುವ ಬಗೆ ಅದು. 266 ಪ್ರಶ್ನೆಗಳ ಆ ತಣ್ಣನೆಯ ಪಟ್ಟಿಯನ್ನು ಹಾಗೆಯೇ ಓದಬೇಕು ಎನ್ನುವುದು ನನ್ನ ಅನಿಸಿಕೆ.

ಪರದೇಶದ ಶಿಕ್ಷಣವನ್ನು ಅಧ್ಯಯನ ಮಾಡಿದವರ ಚರಿತ್ರೆಯನ್ನು ಸಿದ್ಧಾಂತಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಮೊದಲು ಪ್ರವಾಸಿಗರ ಕಾಲ, ಆಮೇಲೆ ಇತಿಹಾಸಕಾರರದು, ಕೊನೆಗೆ ವಿಜ್ಞಾನದ ಕಾಲ ಎಂದು ಮೆಟ್ಟಿಲು ಕಟ್ಟುತ್ತಾರೆ. ನನಗೆ ಅದು ಗಡೀಪಾರು, ಸೆರೆವಾಸ ಮತ್ತು ಸಂಬಳದ ಚರಿತ್ರೆಯಾಗಿ ಕಾಣುತ್ತದೆ. ವಿದ್ವಾಂಸ ಎಲ್ಲಿಂದ ಬಂದ, ಯಾರ ಅನ್ನ ಉಂಡ ಎಂಬುದು ಅವನ ಸಂಶೋಧನೆಯ ಆಸಕ್ತಿಯನ್ನು ಅರ್ಧ ತೀರ್ಮಾನಿಸಿಬಿಟ್ಟಿರುತ್ತದೆ.

ಜೂಲಿಯೆನ್ ಕನಸು ಮೂಲೆಗೆ ಬಿದ್ದ ಮೇಲೆ ಹೊರಟವರೆಲ್ಲ ಸರ್ಕಾರಿ ಕೆಲಸದ ಮೇಲೆ ಹೊರಟವರು. ವಿಕ್ತೋರ್ ಕೂಸಾಂ ತತ್ವಶಾಸ್ತ್ರದ ಮೇಷ್ಟರು. 1824ರಲ್ಲಿ ಜರ್ಮನಿಯಲ್ಲಿ ರಾಜಕೀಯ ಅನುಮಾನದ ಮೇಲೆ ಬಂಧಿತರಾಗಿ ಬರ್ಲಿನ್ನಿನಲ್ಲಿ ಸೆರೆಯಲ್ಲಿದ್ದರು. ಅವರ ಪರವಾಗಿ ಅಧಿಕಾರಿಗಳಿಗೆ ಬರೆದವರು ತತ್ವಜ್ಞಾನಿ ಹೆಗೆಲ್. ಏಳು ವರ್ಷದ ನಂತರ ಅದೇ ಕೂಸಾಂ ಫ್ರೆಂಚ್ ಸರ್ಕಾರದ ಪ್ರತಿನಿಧಿಯಾಗಿ, ಬರ್ಲಿನ್ ರಾಜಧಾನಿಯಾಗಿದ್ದ ಜರ್ಮನ್ ರಾಜ್ಯ ಪ್ರಷ್ಯಾಕ್ಕೆ ಹೋಗಿ, ತಮ್ಮನ್ನು ಕೂಡಿಹಾಕಿದ್ದ ರಾಜ್ಯದ ಶಾಲೆಗಳನ್ನು ಮನಸಾರೆ ಹೊಗಳಿ ವರದಿ ಬರೆದರು. ಪ್ರತಿ ಕಮ್ಯೂನಿನಲ್ಲಿ, ಎಂದರೆ ಪ್ರತಿ ಊರಾಡಳಿತದಲ್ಲಿ, ಒಂದು ಪ್ರಾಥಮಿಕ ಶಾಲೆ ಇರಬೇಕೆಂದ 1833ರ ಫ್ರೆಂಚ್ ಕಾನೂನಿನ ಹಿಂದೆ ಆ ವರದಿಯ ಒತ್ತಾಸೆ ಇತ್ತು. ಅಮೆರಿಕದ ಹೊರೇಸ್ ಮ್ಯಾನ್ ವಕೀಲಿ, ರಾಜಕಾರಣ ಮುಗಿಸಿ ಶಿಕ್ಷಣಕ್ಕೆ ಬಂದವರು. 1843ರಲ್ಲಿ ಮರುಮದುವೆಯಾಗಿ ಹೆಂಡತಿಯೊಂದಿಗೆ ಯುರೋಪಿಗೆ ಹೋದಾಗ ಮಧುಚಂದ್ರದ ಬಹುಪಾಲು ಶಾಲೆಗಳಲ್ಲೇ ಕಳೆಯಿತು. ಅವರೂ ಪ್ರಷ್ಯಾವನ್ನು ಹೊಗಳಿದರು. ಊರಿಗೆ ಮರಳಿ ವರದಿ ಅಚ್ಚು ಹಾಕಿಸಿದ್ದೇ ತಡ, ಬಾಸ್ಟನ್ನಿನ 31 ಮಂದಿ ಶಾಲಾ ಮೇಷ್ಟರು ಒಟ್ಟಾಗಿ ಖಂಡನೆ ಬರೆದರು. ಪರದೇಶವನ್ನು ಹೊಗಳುವುದು ಸ್ವದೇಶದವರನ್ನು ಬಯ್ಯುವ ಉಪಾಯ ಎಂದು ಅವರಿಗೆ ಕೂಡಲೇ ಹೊಳೆದಿತ್ತು. ತಪ್ಪು ತಿಳಿದಿರಲಿಲ್ಲ.

ಈ ಆಟವನ್ನು ಒಳಗಿನಿಂದಲೇ ಪ್ರಶ್ನಿಸಿದವರು ಇಂಗ್ಲೆಂಡಿನ ಮೈಕೆಲ್ ಸ್ಯಾಡ್ಲರ್. 1895ರಿಂದ ಪರದೇಶದ ಶಿಕ್ಷಣದ ಬಗ್ಗೆ ವರದಿ ತಯಾರಿಸುವ ಸರ್ಕಾರಿ ಕಚೇರಿಯ ಮುಖ್ಯಸ್ಥರಾಗಿದ್ದವರು. 1900ರಲ್ಲಿ ಗಿಲ್ಡ್‌ಫರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರು ಹೇಳಿದ್ದಿಷ್ಟು: ತೋಟದಲ್ಲಿ ಅಡ್ಡಾಡುವ ಮಗು ಇಲ್ಲೊಂದು ಹೂ, ಅಲ್ಲೊಂದು ಎಲೆ ಕಿತ್ತು ತಂದು ಮನೆಯ ಮಣ್ಣಿಗೆ ಚುಚ್ಚಿದರೆ ಗಿಡ ಬೆಳೆಯುವುದಿಲ್ಲ, ಶಾಲೆಯೊಳಗೆ ಇರುವುದಕ್ಕಿಂತ ಶಾಲೆಯ ಹೊರಗೆ ಇರುವುದೇ ಹೆಚ್ಚು ಮುಖ್ಯ. ಮೂರು ವರ್ಷಗಳಲ್ಲಿ ಮೇಲಧಿಕಾರಿಗಳೊಡನೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟರು. 1917ರಲ್ಲಿ ಅವರನ್ನೇ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗದ ಅಧ್ಯಕ್ಷರನ್ನಾಗಿ ಭಾರತಕ್ಕೆ ಕಳಿಸಲಾಯಿತು. ಹೊರಗಿನವರು ಹೂ ಕೀಳಬಾರದು ಎಂದವರು ಅಶುತೋಷ್ ಮುಖರ್ಜಿಯವರಂಥ ಸದಸ್ಯರೊಡನೆ ಕೂತು 13 ಸಂಪುಟಗಳ ವರದಿ ಕೊಟ್ಟರು. ಶಾಲೆಯ ಹೊರಗಿನದನ್ನೆಲ್ಲ ಬರೆಯಹೊರಟರೆ ಅಷ್ಟಾಗದೆ ಇನ್ನೇನು.

ಆದರೆ ಸ್ಯಾಡ್ಲರ್ ಎಚ್ಚರಿಕೆಯ ಸದ್ದು ಎಲ್ಲರ ಕಿವಿಗೂ ಬೀಳಲಿಲ್ಲ. 1920ರಲ್ಲಿ ಅಮೆರಿಕದ ಫೆಲ್ಪ್ಸ್ ಸ್ಟೋಕ್ಸ್ ನಿಧಿ ಆಫ್ರಿಕಾದ ಶಿಕ್ಷಣ ನೋಡಿಬರಲು ಒಂದು ತಂಡವನ್ನು ಕಳಿಸಿತು. ಅದರ ಮುಖ್ಯಸ್ಥ ಥಾಮಸ್ ಜೆಸ್ಸಿ ಜೋನ್ಸ್, ವೇಲ್ಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವರು. ಕರಿಯರಿಗೆ ಕೈಕಸುಬು ಕಲಿಸುತ್ತಿದ್ದ ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯಲ್ಲಿ ಪಾಠ ಮಾಡಿದವರು. ಅವರು ಆಫ್ರಿಕಾ ಸುತ್ತಿ ಬಂದು ಸೂಚಿಸಿದ ಪರಿಹಾರವೂ ಹ್ಯಾಂಪ್ಟನ್ನೇ: ಬೇಸಾಯ, ಕಸುಬು, ಶುಚಿತ್ವ. ಅಮೆರಿಕದ ಕರಿಯ ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಇದನ್ನು ಕಟುವಾಗಿ ಟೀಕಿಸಿದರು. ತಂಡದಲ್ಲಿದ್ದ ಒಬ್ಬನೇ ಆಫ್ರಿಕನ್, ಗೋಲ್ಡ್ ಕೋಸ್ಟ್‌ನ ಜೇಮ್ಸ್ ಆಗ್ರಿ. ಪಿಯಾನೋದಲ್ಲಿ ಕರಿಯ ಮನೆಯೂ ಬಿಳಿಯ ಮನೆಯೂ ಸೇರಿದರಷ್ಟೇ ಸ್ವರಮೇಳ ಎನ್ನುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಕೈಗೆ ಬರುವ ಮುನ್ನವೇ 1927ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಜೋನ್ಸ್ ಸಲಹೆಗೆ ತಕ್ಕ ಉತ್ತರ ಬರಲು ನಾಲ್ಕು ದಶಕ ಬೇಕಾಯಿತು. ಫಿಲಿಪ್ ಫಾಸ್ಟರ್ ಎಂಬ ಸಮಾಜಶಾಸ್ತ್ರಜ್ಞ ಅದೇ ಗೋಲ್ಡ್ ಕೋಸ್ಟ್‌ನಲ್ಲಿ, ಎಂದರೆ ಸ್ವತಂತ್ರ ಘಾನಾದಲ್ಲಿ, ವಿದ್ಯಾರ್ಥಿಗಳನ್ನೇ ಕೇಳಿ ನೋಡಿದರು. ಕೈಕಸುಬಿನ ಶಾಲೆಗೆ ಬೆನ್ನು ತಿರುಗಿಸಿ ಅಕ್ಷರದ ಶಾಲೆಗೆ ಮುಗಿಬೀಳುವವರು ಭ್ರಮೆಯಲ್ಲಿಲ್ಲ, ಸಂಬಳ ಎಲ್ಲಿದೆ ಎಂಬುದು ಅವರಿಗೆ ಸರಿಯಾಗಿಯೇ ಗೊತ್ತಿದೆ ಎಂದು 1965ರಲ್ಲಿ ಬರೆದರು. ಕಸುಬಿನ ಶಾಲೆ ತೆರೆದರೆ ಕಸುಬುದಾರರು ಹುಟ್ಟುತ್ತಾರೆಂಬ ಯೋಜಕರ ನಂಬಿಕೆಯನ್ನು ತರ್ಕದೋಷ ಎಂದೇ ಕರೆದರು. ಆ ನಂಬಿಕೆ ಇವತ್ತಿಗೂ ಸತ್ತಿಲ್ಲ.

ಇತ್ತ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಪೀಠ ಹಾಕಿಕೊಟ್ಟವರು ಬಹುಪಾಲು ನೆಲೆ ಕಳೆದುಕೊಂಡವರು, ಇಲ್ಲವೇ ನೆಲೆ ಬದಲಿಸಿದವರು. ಐಸಾಕ್ ಕ್ಯಾಂಡೆಲ್ ರೊಮೇನಿಯಾದ ಬೊಟೊಶಾನಿಯಲ್ಲಿ ಹುಟ್ಟಿ, ಮ್ಯಾಂಚೆಸ್ಟರಿನಲ್ಲಿ ಓದಿ, ನ್ಯೂಯಾರ್ಕ್‌ನಲ್ಲಿ ಪ್ರಾಧ್ಯಾಪಕರಾದ ಯಹೂದಿ. ಅವರ ಬಹುಮುಖ್ಯ ಗ್ರಂಥ ಅಚ್ಚಾದ ವರ್ಷ 1933, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ಶಾಲೆಯನ್ನು ರಾಜ್ಯಶಕ್ತಿ ಹೇಗೆ ಬಳಸಿಕೊಳ್ಳುತ್ತದೆ, ರಾಷ್ಟ್ರೀಯತೆ ಪಠ್ಯದೊಳಗೆ ಹೇಗೆ ನುಸುಳುತ್ತದೆ ಎಂಬುದೇ ಅವರ ಕಾಳಜಿ. ನಿಕೊಲಸ್ ಹ್ಯಾನ್ಸ್ ಒಡೆಸ್ಸಾದವರು, ರಷ್ಯನ್ ಕ್ರಾಂತಿಯ ನಂತರ ಲಂಡನ್ ಸೇರಿದರು. ಶಾಲಾ ವ್ಯವಸ್ಥೆಯನ್ನು ರೂಪಿಸುವ ಅಂಶಗಳನ್ನು ಪಟ್ಟಿ ಮಾಡುವಾಗ ಅವರು ಭಾಷೆ, ಜನಾಂಗ, ಧರ್ಮಗಳನ್ನು ಮುಂದಿಟ್ಟರು. ಹತ್ತು ಭಾಷೆ ಮೊಳಗುತ್ತಿದ್ದ ಬಂದರಿನಿಂದ ಬಂದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಲೋನ್‌ನ ಫ್ರೀಡ್ರಿಷ್ ಷ್ನೈಡರ್ 1931ರಲ್ಲಿ ಮೂರು ಭಾಷೆಗಳ ಅಂತರರಾಷ್ಟ್ರೀಯ ಪತ್ರಿಕೆಯೊಂದನ್ನು ಹುಟ್ಟುಹಾಕಿದ್ದರು. ನಾಜಿಗಳು ಪತ್ರಿಕೆಯನ್ನು ಉಳಿಸಿಕೊಂಡು ಸಂಪಾದಕರನ್ನು ಹೊರಹಾಕಿದರು. ವಾರ್ಸಾದಲ್ಲಿ ಹುಟ್ಟಿದ ಜಾರ್ಜ್ ಬೆರೆಡೆ ಪೋಲಿಷ್ ಸೈನಿಕರಾಗಿದ್ದವರು; ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಓದಿ, ಅಮೆರಿಕ ಸೇರಿ, 1957ರಲ್ಲಿ ಅಲ್ಲಿನ ತೌಲನಿಕ ಶಿಕ್ಷಣ ಪತ್ರಿಕೆಯ ಮೊದಲ ಸಂಪಾದಕರಾದರು. ಒಂದು ದೇಶದ ಶಾಲೆಯ ಬಗ್ಗೆ ಬರೆಯಬೇಕಾದರೆ ಅಲ್ಲಿನ ಭಾಷೆ ಕಲಿತಿರಬೇಕು, ಅಲ್ಲಿ ಬದುಕಿರಬೇಕು ಎಂಬುದು ಅವರ ಹಟ. ಬದುಕುವುದಕ್ಕಾಗಿಯೇ ಭಾಷೆ ಕಲಿತವರ ಹಟ ಅದು.

ಎರಡನೆಯ ಮಹಾಯುದ್ಧದ ತರುವಾಯ ಸಂಬಳ ಕೊಡುವವರು ಬದಲಾದರು, ಪ್ರಶ್ನೆಯೂ ಬದಲಾಯಿತು. 1960ರಲ್ಲಿ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಸ್ ಶಿಕ್ಷಣಕ್ಕೆ ಸುರಿದ ಹಣ ಖರ್ಚಲ್ಲ, ಹೂಡಿಕೆ ಎಂದು ಭಾಷಣ ಮಾಡಿದರು. ಎರಡೇ ವರ್ಷಕ್ಕೆ ವಿಶ್ವಬ್ಯಾಂಕ್ ಶಿಕ್ಷಣಕ್ಕೆಂದು ಮೊದಲ ಸಾಲವನ್ನು ಟ್ಯುನೀಷಿಯಾಕ್ಕೆ ಕೊಟ್ಟಿತು. ಸಾಲ ಕೊಟ್ಟವನು ಬಡ್ಡಿ ಲೆಕ್ಕ ಹಾಕದಿರುತ್ತಾನೆಯೇ? ಗ್ರೀಸ್ ಮೂಲದ ಜಾರ್ಜ್ ಸಾಕರಾಪುಲೊಸ್ ದೇಶದಿಂದ ದೇಶಕ್ಕೆ ಶಿಕ್ಷಣದ ಪ್ರತಿಫಲದ ದರ ಎಣಿಸಿ, ಪ್ರಾಥಮಿಕ ಶಿಕ್ಷಣಕ್ಕೆ ಹಾಕಿದ್ದೇ ಹೆಚ್ಚು ಲಾಭ ಎಂದರು. ಬಡದೇಶಗಳ ವಿಶ್ವವಿದ್ಯಾಲಯಗಳಿಗೆ ಆ ಲೆಕ್ಕ ಬಿಸಿ ಮುಟ್ಟಿಸಿತು.

ಸ್ವೀಡನ್ನಿನ ತೋರ್ಸ್ಟೆನ್ ಹ್ಯುಸೇನ್ ಅವರದು ಬೇರೆ ದಾರಿ. ಮನಶ್ಶಾಸ್ತ್ರ ಓದಿ, ಯುದ್ಧಕಾಲದಲ್ಲಿ ಸೇನೆಗೆ ಸೇರುವ ತರುಣರ ಬುದ್ಧಿಮತ್ತೆ ಅಳೆಯುವ ಪರೀಕ್ಷೆಗಳ ಮೇಲೆ ಕೆಲಸ ಮಾಡಿದವರು. ಅಳೆಯುವ ಕೈ ಸುಮ್ಮನಿರುವುದಿಲ್ಲ. 1958ರಲ್ಲಿ ಹ್ಯಾಂಬರ್ಗ್‌ನಲ್ಲಿ ಸೇರಿದ ಸಂಶೋಧಕರ ಗುಂಪಿನಿಂದ ಬೆಳೆದ, ದೇಶದೇಶಗಳ ಶಾಲಾ ಕಲಿಕೆಯನ್ನು ಅಳೆದು ಹೋಲಿಸುವ ಐಇಎ ಸಂಸ್ಥೆಯ ಅಧ್ಯಕ್ಷರಾಗಿ, 1964ರಲ್ಲಿ 12 ದೇಶಗಳ ಮಕ್ಕಳ ಗಣಿತ ಕಲಿಕೆಯನ್ನು ಅಳೆಸಿದರು. ಇದು ಬುದ್ಧಿಯ ಒಲಿಂಪಿಕ್ಸ್ ಅಲ್ಲ ಎಂದು ಮೊದಲೇ ಎಚ್ಚರಿಸಿದ್ದರು; ಪತ್ರಿಕೆಗಳು ಪದಕಪಟ್ಟಿಯಂತೆಯೇ ಓದಿದವು. (ಜೂಲಿಯೆನ್ ಪುಸ್ತಕವನ್ನು ನದಿದಂಡೆಯಿಂದ ಎತ್ತಿ ತಂದ ಕೆಮೆನಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸ್ಥಾಪಕ ಸದಸ್ಯರಲ್ಲೊಬ್ಬರು. ಕಾಕತಾಳೀಯವೇ ಇರಬಹುದು, ಆದರೂ ಬಿಡಲು ಮನಸ್ಸು ಬರಲಿಲ್ಲ.) ಇದೇ ಸಾಲಿನಲ್ಲಿ ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದ ಆಂಡ್ರಿಯಾಸ್ ಶ್ಲೈಖರ್ ಐಇಎಯಿಂದ ಸಿರಿವಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿಗೆ ಹೋಗಿ, ಹದಿನೈದರ ಮಕ್ಕಳ ಕಲಿಕೆ ಅಳೆಯುವ ಪೀಸಾ ಪರೀಕ್ಷೆಯನ್ನು ಕಟ್ಟಿದರು. 2000ದ ಮೊದಲ ಸುತ್ತಿನಲ್ಲಿ ಜರ್ಮನಿ ಮುಗ್ಗರಿಸಿದಾಗ ಆ ದೇಶ 'ಪೀಸಾ ಆಘಾತ' ಎಂಬ ಪದವನ್ನೇ ಸೃಷ್ಟಿಸಿಕೊಂಡಿತು; ಎಲ್ಲರೂ ಪಟ್ಟಿಯ ಮೇಲ್ತುದಿಯಲ್ಲಿದ್ದ ಫಿನ್ಲೆಂಡಿಗೆ ಹೊರಟರು, ಕೂಸಾಂ ಪ್ರಷ್ಯಾಕ್ಕೆ ಹೊರಟ ಹಾಗೆ. ತಮಿಳುನಾಡು, ಹಿಮಾಚಲ ಪ್ರದೇಶಗಳು ಒಮ್ಮೆ ಭಾಗವಹಿಸಿ ಪಟ್ಟಿಯ ತಳದಲ್ಲಿ ಕಾಣಿಸಿಕೊಂಡ ಮೇಲೆ ಭಾರತ ಮುಂದಿನ ಸುತ್ತುಗಳಿಂದ ದೂರ ಉಳಿಯಿತು.

ಅಳೆಯಿಸಿಕೊಂಡವರ ಕಡೆಯಿಂದ ಎದ್ದ ವಿದ್ವಾಂಸರ ಆಸಕ್ತಿ ಬೇರೆಯೇ. ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಮಾಧ್ಯಮದ್ದು: ಮಗು ಯಾವ ಭಾಷೆಯಲ್ಲಿ ಕಲಿಯಬೇಕು? ನೈಜೀರಿಯಾದ ಬಾಬ್ಸ್ ಫಫುನ್ವಾ 1955ರಲ್ಲಿ ನ್ಯೂಯಾರ್ಕ್‌ನಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದವರು. 1970ರಲ್ಲಿ ಇಲೆ ಇಫೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಒಂದು ಗುಂಪಿಗೆ ಆರೂ ವರ್ಷ ಎಲ್ಲ ವಿಷಯಗಳೂ ಆ ಸೀಮೆಯ ಮಾತಾದ ಯೊರುಬಾದಲ್ಲಿ, ಇಂಗ್ಲಿಷ್ ಒಂದು ಭಾಷಾ ವಿಷಯವಾಗಿ. ಇನ್ನೊಂದು ಗುಂಪಿಗೆ ವಾಡಿಕೆಯಂತೆ ಮೂರು ವರ್ಷದ ನಂತರ ಇಂಗ್ಲಿಷ್ ಮಾಧ್ಯಮ. ಯೊರುಬಾದಲ್ಲಿ ಕಲಿತವರು ಉಳಿದ ವಿಷಯಗಳಲ್ಲಿ ಮುಂದಿದ್ದರು, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಫಫುನ್ವಾ ಮುಂದೆ ಶಿಕ್ಷಣ ಮಂತ್ರಿಯೂ ಆದರು. ಮಾಧ್ಯಮದ ಚರ್ಚೆ ಎದ್ದಲ್ಲೆಲ್ಲ ಆ ಪ್ರಯೋಗದ ಹೆಸರು ಬರುತ್ತದೆ. ಅದರಂತೆ ನಡೆದುಕೊಂಡ ಶಾಲೆಗಳು ಕಡಿಮೆ.

ದಕ್ಷಿಣ ಆಫ್ರಿಕಾದ ನೆವಿಲ್ ಅಲೆಕ್ಸಾಂಡರ್ ಬದುಕು ಇನ್ನೂ ವಿಚಿತ್ರ. ಅವರ ತಾಯಿಯ ತಾಯಿ, ಇಥಿಯೋಪಿಯಾದಿಂದ ಗುಲಾಮರ ಹಡಗಿನಲ್ಲಿ ಸಾಗಿಸುತ್ತಿದ್ದಾಗ ಬಿಡುಗಡೆಗೊಂಡ ಒರೊಮೊ ಹುಡುಗಿ. ಮುದುಕಿಯಾದ ಮೇಲೂ ಮನೆಯವರಿಗೆ ತಿಳಿಯದ ಭಾಷೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಮೊಮ್ಮಗ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಜರ್ಮನ್ ನಾಟಕದ ಮೇಲೆ ಡಾಕ್ಟರೇಟ್ ಮಾಡಿದರು. ಊರಿಗೆ ಬಂದು ವರ್ಣಭೇದದ ವಿರುದ್ಧ ನಿಂತದ್ದಕ್ಕೆ ಹತ್ತು ವರ್ಷ ರಾಬೆನ್ ದ್ವೀಪದ ಸೆರೆಮನೆ, ಮಂಡೇಲಾ ಇದ್ದ ಜಾಗ. ಕೈದಿಗಳು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದ ಆ ದ್ವೀಪದಿಂದ ಹೊರಬಂದ ಅಲೆಕ್ಸಾಂಡರ್ ಉಳಿದ ಆಯುಷ್ಯವನ್ನು ಬಹುಭಾಷಾ ಶಿಕ್ಷಣಕ್ಕೆ ಕೊಟ್ಟರು.

ಹಿನ್ನೆಲೆ ಎಂದರೆ ಹಣೆಬರಹವಲ್ಲ ಎನ್ನುವುದಕ್ಕೂ ಸಾಕ್ಷಿಯಿದೆ. ಇಂಗ್ಲಿಷ್ ಪ್ರಸಾರದ ಹಿಂದಿನ ಸಾಮ್ರಾಜ್ಯಶಾಹಿಯನ್ನು 1992ರಲ್ಲಿ ಬಯಲಿಗೆಳೆದು ಬರೆದ ರಾಬರ್ಟ್ ಫಿಲಿಪ್ಸನ್, ಆ ಪ್ರಸಾರವೇ ಕೆಲಸವಾಗಿದ್ದ ಬ್ರಿಟಿಷ್ ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ದುಡಿದವರು. ಕೀನ್ಯಾ, ನೈಜೀರಿಯಾದ ಶಾಲೆಗಳಲ್ಲಿ ಪಾಠ ಮಾಡಿದ್ದ ಮಾರ್ಕ್ ಬ್ರೇ ಹಾಂಗ್‌ಕಾಂಗ್ ಸೇರಿದ ಮೇಲೆ ಅವರ ಕಣ್ಣು ಟ್ಯೂಷನ್ ಮೇಲೆ ಬಿತ್ತು. ಶಾಲೆ ದೊಡ್ಡದಾದಂತೆ ಉದ್ದವಾಗುವ 'ನೆರಳು ಶಿಕ್ಷಣ' ಎಂದು 1999ರ ಪುಸ್ತಕದಲ್ಲಿ ವಿವರಿಸಿದರು. ಅಪ್ಪಅಮ್ಮಂದಿರಿಗೆಲ್ಲ ಗೊತ್ತಿದ್ದ ಸಂಗತಿ ವಿದ್ವಾಂಸರಿಗೆ ಕಾಣಲು ಅಷ್ಟು ಕಾಲ ಬೇಕಾಯಿತು.

ಇನ್ನು ಜೂಲಿಯೆನ್ ಪ್ರಶ್ನಾವಳಿ. ಅವರು ಯೋಜಿಸಿದ್ದು ಆರು ಸರಣಿ. ಅಚ್ಚಾದದ್ದು ಮೊದಲ ಎರಡು, ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳವು ಮಾತ್ರ. ಆರನೆಯದು ಶಿಕ್ಷಣಕ್ಕೂ ಕಾನೂನು, ಸಾಮಾಜಿಕ ಸಂಸ್ಥೆಗಳಿಗೂ ಇರುವ ನಂಟಿನ ಕುರಿತದ್ದು. ಸ್ಯಾಡ್ಲರ್ ಗಿಲ್ಡ್‌ಫರ್ಡ್‌ನಲ್ಲಿ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ಐದನೆಯದು ಹೆಣ್ಣುಮಕ್ಕಳ ಶಿಕ್ಷಣ. ಈ ಲೇಖನದಲ್ಲಿ ಇಲ್ಲಿಯವರೆಗೆ ಬಂದ ವಿದ್ವಾಂಸರೆಲ್ಲ ಗಂಡಸರೇ ಎಂಬುದನ್ನು ಓದುಗರು ಗಮನಿಸಿರಬಹುದು. ಆ ಸರಣಿಯನ್ನು ಗಟ್ಟಿಯಾಗಿ ಕೈಗೆತ್ತಿಕೊಂಡವರಲ್ಲಿ ಅಮೆರಿಕದ ಗೇಲ್ ಕೆಲ್ಲಿ ಮುಖ್ಯರು. ವಿಯೆಟ್ನಾಮಿನಲ್ಲಿ ಫ್ರೆಂಚರು ನಡೆಸಿದ ಶಾಲೆಗಳ ಕಡತ ಓದುತ್ತಾ ಸಂಶೋಧನೆ ಶುರುಮಾಡಿದ ಅವರು, 1982ರ ಹೊತ್ತಿಗೆ ಮೂರನೆಯ ಜಗತ್ತಿನ ಹೆಂಗಸರ ಶಿಕ್ಷಣದ ಮೇಲೆ ಪ್ರಬಂಧಗಳನ್ನು ಕೂಡಿಸಿ ಸಂಕಲನ ತಂದರು. ಶಾಲೆ ಸೇರಿದ ಹುಡುಗಿಯರೆಷ್ಟು ಎಂದು ಎಣಿಸಿ ನಿಲ್ಲದೆ, ಕಲಿತದ್ದರಿಂದ ಅವಳ ಮನೆ, ದುಡಿಮೆ, ಕೈಯ ಕಾಸು ಏನಾಯಿತು ಎಂದು ಕೇಳಿದರು. ಆಗ ಜೂಲಿಯೆನ್ ಪುಸ್ತಕ ಅಚ್ಚಾಗಿ 165 ವರ್ಷ ಕಳೆದಿತ್ತು.