ಜಾಮ್ ಆದ ದೋಣಿ ಸ್ಟೀರಿಂಗ್ ಬಿಚ್ಚುವಾಗ: ಬಲ ಹಾಕುವ ಮೊದಲು ಓದಬೇಕಾದ ಟಿಪ್ಪಣಿ

ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವ ಎಂಜಿನ್) ರಿಪೇರಿ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ನಾನೂ ಕಲಿಯುತ್ತಿರುವವನೇ. ಇಲ್ಲಿರುವ ಅರ್ಧದಷ್ಟು ತಿಳಿವಳಿಕೆ ಒಂದು ಸಾಮಾನನ್ನು ಮುರಿದ ಮೇಲೆ ಬಂದದ್ದು.

ದೋಣಿ ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಹಳೆಯ ಫೈಬರ್ ದೋಣಿ. ಹಿಂದೆ ಪೆಟ್ರೋಲ್ ಔಟ್‌ಬೋರ್ಡ್, ಮುಂದೆ ಕಾರಿನಂಥ ಸ್ಟೀರಿಂಗ್ ಚಕ್ರ, ನಡುವೆ ಒಂದು ಉದ್ದನೆಯ ಕೇಬಲ್. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆ ನಿಲ್ಲುವ ಆ 61 ದಿನಗಳಲ್ಲಿ, ಮಾಲೀಕರು ಇದನ್ನೂ ದಡಕ್ಕೆ ಎಳೆದು ಪ್ಲಾಸ್ಟಿಕ್ ಹೊದಿಸಿದ್ದರು. ಆಗಸ್ಟ್‌ನಲ್ಲಿ ಹೊದಿಕೆ ತೆಗೆದರೆ ಚಕ್ರ ಕೂದಲೆಳೆಯಷ್ಟೂ ತಿರುಗಲಿಲ್ಲ. ಓಡುವಾಗ ಹಾಳಾಗದ ಸ್ಟೀರಿಂಗ್ ನಿಂತಲ್ಲೇ ಹಾಳಾಗಿತ್ತು. ಇದು ಸಾಮಾನ್ಯ ಸಂಗತಿ: ಕೇಬಲ್ಲಿನ ತುದಿಯಲ್ಲಿ ದಿನವೂ ಜಾರುವ ರಾಡ್ ತನ್ನ ಮೇಲಿನ ಉಪ್ಪನ್ನು ತಾನೇ ಉಜ್ಜಿ ತೆಗೆಯುತ್ತದೆ, ನಿಂತ ರಾಡಿನ ಮೇಲೆ ಅದು ಗಟ್ಟಿಯಾಗಿ ಕೂರುತ್ತದೆ.

ಬಿಗಿ ಎಲ್ಲಿದೆ?

ಚಕ್ರ ತಿರುಗಿಸಿದರೆ ಅದರ ಶಾಫ್ಟ್ ಡ್ಯಾಶ್‌ಬೋರ್ಡಿನ ಹಿಂದಿರುವ ಗೇರ್ ಪೆಟ್ಟಿಗೆಯನ್ನು ತಿರುಗಿಸುತ್ತದೆ. ಗೇರ್ ಕೇಬಲ್ಲನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಕೇಬಲ್ಲಿನ ತುದಿಯಲ್ಲಿ 16 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ರಾಡ್ ಇದೆ. ಎಂಜಿನ್ನಿನ ಬ್ರಾಕೆಟ್ಟಿನಲ್ಲಿ ಅಡ್ಡಲಾಗಿ ಕೂತಿರುವ ಟಿಲ್ಟ್ ಟ್ಯೂಬ್ ಎಂಬ ಟೊಳ್ಳು ಕೊಳವೆಯೊಳಗೆ ಅದು ಜಾರುತ್ತದೆ. ರಾಡಿನ ತುದಿಯಿಂದ ಒಂದು ಲಿಂಕ್ ರಾಡ್ ಎಂಜಿನ್ನಿನ ತೋಳಿಗೆ ಹೋಗುತ್ತದೆ.

ಮೊದಲು ಆ ಲಿಂಕ್ ರಾಡಿನ ಬೋಲ್ಟ್ ತೆಗೆದು ಎಂಜಿನ್ನನ್ನು ಕೈಯಿಂದ ಎಡಬಲಕ್ಕೆ ತಿರುಗಿಸಿ ನೋಡಿ. ಎಂಜಿನ್ ಬಿಗಿಯಾಗಿದ್ದರೆ ದೋಷ ಅದರ ತಿರುಗಣೆಯಲ್ಲಿದೆ, ಕೇಬಲ್ಲಿಗೆ ಕೈ ಹಚ್ಚಬೇಡಿ. ಎಂಜಿನ್ ಸಲೀಸಾಗಿ ಆಡಿದರೆ ದೋಷ ರಾಡಿನಲ್ಲಿ, ಕೇಬಲ್ಲಿನಲ್ಲಿ ಅಥವಾ ಗೇರ್ ಪೆಟ್ಟಿಗೆಯಲ್ಲಿದೆ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಹೊಸ ಕೇಬಲ್ ತಂದು, ಹಾಕಿದ ಮೇಲೂ ಚಕ್ರ ತಿರುಗದೆ ತಲೆ ಕೆರೆದುಕೊಂಡವರು ಇದ್ದಾರೆ. ನಮ್ಮ ಎಂಜಿನ್ ಬಾಗಿಲಿನಂತೆ ಆಡಿತು. ರಾಡ್ ಮಾತ್ರ ಟ್ಯೂಬಿನೊಳಗೆ ಬೇರು ಬಿಟ್ಟಂತಿತ್ತು.

ಸಂದಿಯಲ್ಲಿ ತುಂಬಿಕೊಂಡದ್ದು ಏನು?

ಅಂಟಿಕೊಂಡ ಎರಡು ಲೋಹಗಳನ್ನು ಕಂಡಾಗ ನಮಗೆ ಮೊದಲು ಹೊಳೆಯುವುದು ದೊಡ್ಡ ಪಾನಾ. ಆದರೆ ಅವುಗಳ ನಡುವೆ ಮೊದಲು ಖಾಲಿ ಸಂದಿ ಇತ್ತು, ಈಗ ಅದು ತುಂಬಿದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟು ದಾಟುತ್ತದೆ. ನೀರಿನಂಶ ಸೇರಿದರೆ ಆರು ಪಟ್ಟಿನವರೆಗೂ ಹೋಗುತ್ತದೆ. ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉಬ್ಬುತ್ತದೆ. ಜಾಗ ಸಾಲದೆ ಆ ಪುಡಿ ಒಳಗಿನಿಂದ ಒತ್ತುತ್ತದೆ. ಆದ್ದರಿಂದ ತುಂಬಿದ್ದನ್ನು ಕರಗಿಸುವುದು, ಒಡೆಯುವುದು ಅಥವಾ ಸಂದಿಯನ್ನೇ ಸ್ವಲ್ಪ ಹಿಗ್ಗಿಸುವುದು ನಮ್ಮ ಕೆಲಸ. ಎಳೆಯುವುದು ಆಮೇಲಿನ ಮಾತು.

ಬಣ್ಣ ಅರ್ಧ ಕಥೆ ಹೇಳುತ್ತದೆ. ಕೆಂಗಂದು ಎಂದರೆ ಉಕ್ಕು. ಬಿಳಿ ಹಿಟ್ಟು ಎಂದರೆ ಅಲ್ಯೂಮಿನಿಯಂ. ಹೆಚ್ಚಾಗಿ ಅದರ ಪಕ್ಕದಲ್ಲಿ ಒಂದು ಸ್ಟೇನ್‌ಲೆಸ್ ಬೋಲ್ಟ್ ಇರುತ್ತದೆ. ಉಪ್ಪುನೀರಿನಲ್ಲಿ ಈ ಎರಡು ಲೋಹ ತಾಗಿದರೆ ಒಂದು ಪುಟ್ಟ ಬ್ಯಾಟರಿಯೇ ಆಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಹಿತ್ತಾಳೆಯ ಭಾಗವನ್ನು ಚಾಕುವಿನಿಂದ ಕೆರೆದಾಗ ಹಳದಿಯ ಬದಲು ತಾಮ್ರದಂಥ ಗುಲಾಬಿ ಬಣ್ಣ ಕಂಡರೆ ಅದರೊಳಗಿನ ಸತು ಕರಗಿಹೋಗಿದೆ ಎಂದರ್ಥ. ಅಂಥದ್ದನ್ನು ಉಳಿಸಲು ಹೋಗಬೇಡಿ, ಬಿಸ್ಕತ್ತಿನಂತೆ ಮುರಿಯುತ್ತದೆ. ಇನ್ನು ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಸಿಕ್ಕಿಕೊಂಡಿದ್ದರೆ ಅಲ್ಲಿ ತುಕ್ಕು ಇಲ್ಲದೆಯೂ ಇರಬಹುದು: ಮರೆಗಳು (ತಿರುಪಿನ ಸುತ್ತುಗಳು) ಒಂದನ್ನೊಂದು ಕಚ್ಚಿ ಹರಿದುಕೊಂಡಿರುತ್ತವೆ. ಜೋರಾಗಿ ತಿರುಗಿಸಿದಷ್ಟೂ ಕಚ್ಚುವುದು ಹೆಚ್ಚು. ಎಣ್ಣೆ ಬಿಟ್ಟು ನಿಧಾನವಾಗಿ ಹಿಂದೆ ಮುಂದೆ ಆಡಿಸಬೇಕು, ಅದೂ ಸಾಗದಿದ್ದರೆ ಕತ್ತರಿಸಬೇಕು.

ಚಕ್ರ ತೆಗೆಯಲು ಹೋಗಿ ಗೇರ್ ಪೆಟ್ಟಿಗೆ ಒಡೆದದ್ದು

ಕೇಬಲ್ ಬದಲಿಸಲು ಚಕ್ರವನ್ನು ತೆಗೆಯಲೇಬೇಕೆಂದಿಲ್ಲ. ಆದರೆ ಗೇರ್ ಪೆಟ್ಟಿಗೆಯನ್ನೂ ತೊಳೆಯೋಣ ಎಂಬ ಉತ್ಸಾಹ ನನಗೆ ಬಂದಿತ್ತು. ಚಕ್ರದ ನಡುವಿನ ಅಲ್ಯೂಮಿನಿಯಂ ಗುಂಬ 19 ಮಿಲಿಮೀಟರ್ ಉಕ್ಕಿನ ಶಾಫ್ಟಿನ ಮೇಲೆ ಟೇಪರ್ ಆಗಿ, ಅಂದರೆ ತುದಿಯತ್ತ ಸಣ್ಣಗಾಗುವ ಇಳಿಜಾರಿನ ಮೇಲೆ, ಕೂತಿತ್ತು. ನಡುವೆ ಎರಡೂ ಒಟ್ಟಿಗೆ ತಿರುಗುವಂತೆ ಹಿಡಿಯುವ ಅರ್ಧಚಂದ್ರದಂಥ ಒಂದು ಲೋಹದ ತುಂಡು, ಕೀ. ನಟ್ಟು ತೆಗೆದೆ, ಎಳೆದೆ, ಬರಲಿಲ್ಲ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಬಾರಿಸಿದೆ. ಮೂರನೆಯ ಏಟಿಗೆ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟೆಂದಿತು. ಚಕ್ರ ಮಾತ್ರ ಇದ್ದಲ್ಲೇ ಇತ್ತು, ಒಡೆದದ್ದು ಗೇರ್ ಪೆಟ್ಟಿಗೆಯ ಕವಚ.

ನನಗೆ ಕೆಲಸ ಕಲಿಸುವ ಮೇಸ್ತ್ರಿಯವರು ಬೈಯಲಿಲ್ಲ. ಬದಲಿಗೆ, "ನಿನ್ನ ಏಟು ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಹೇಳು ತಮ್ಮಾ" ಎಂದು ಕೇಳಿದರು. ಶಾಫ್ಟಿನಿಂದ ಗೇರಿಗೆ, ಗೇರಿನಿಂದ ಕವಚಕ್ಕೆ. ಅಂಟಿದ್ದ ಟೇಪರಿಗೆ ಅದರಿಂದ ತಗುಲಿದ್ದು ಅತ್ಯಲ್ಪ.

ಅವರು ಮಾಡಿದ್ದು ಹೀಗೆ. ನಟ್ಟನ್ನು ಮತ್ತೆ ಹಾಕಿ, ಶಾಫ್ಟಿನ ತುದಿಗೆ ಸಮನಾಗಿ ನಿಲ್ಲಿಸಿದರು. ಇದರಿಂದ ಮರೆ ಉಳಿಯುತ್ತದೆ, ಚಕ್ರ ಹಾರಿ ಮುಖಕ್ಕೂ ಬಡಿಯುವುದಿಲ್ಲ. ಗುಂಬದ ಹಿಂದಕ್ಕೆ ಪುಲ್ಲರ್ ಎಂಬ ಎಳೆಯುವ ಸಾಧನದ ಕಾಲುಗಳನ್ನು ಸಿಕ್ಕಿಸಿ ನಡುವಿನ ಸ್ಕ್ರೂವನ್ನು ಬಿಗಿದರು. ಆಮೇಲೆ ಗುಂಬದ ಸುತ್ತ ಬಟ್ಟೆ ಸುತ್ತಿ ಕುದಿಯುವ ನೀರು ಹೊಯ್ದರು. ಕೊನೆಗೆ ಗುಂಬದ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಒತ್ತಿಹಿಡಿದು ಎದುರು ಬದಿಗೆ ಸಣ್ಣ ಸುತ್ತಿಗೆಯಿಂದ ಒಂದೇ ಏಟು ಕೊಟ್ಟರು. ಟಪ್ಪೆಂದು ಚಕ್ರ ಕೈಗೆ ಬಂತು.

ಇದರ ಲೆಕ್ಕವನ್ನು ಮನೆಗೆ ಹೋಗಿ ಹಾಕಿದೆ. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ಸುಮಾರು 23 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೋಮೀಟರ್), ಮಾಮೂಲಿ ಉಕ್ಕು ಸುಮಾರು 12, ಸ್ಟೇನ್‌ಲೆಸ್ 16ರಿಂದ 17 ಹಿಗ್ಗುತ್ತದೆ. 19 ಮಿಲಿಮೀಟರ್ ವ್ಯಾಸ, 70 ಡಿಗ್ರಿ ಏರಿಕೆ ಎಂದಿಟ್ಟುಕೊಂಡರೆ ಗುಂಬಕ್ಕೂ ಶಾಫ್ಟಿಗೂ ಬರುವ ವ್ಯತ್ಯಾಸ 0.015 ಮಿಲಿಮೀಟರ್, ಅಂದರೆ ಕೂದಲ ದಪ್ಪದ ಐದನೆಯ ಒಂದು ಪಾಲು. ಇಷ್ಟೇ ಸಾಕಾಯಿತು. ಏಕೆಂದರೆ ಈ ಟೇಪರಿನ ಇಳಿಜಾರು ಹನ್ನೆರಡಕ್ಕೆ ಒಂದು: ಗುಂಬ ಒಂದು ಮಿಲಿಮೀಟರ್ ಹಿಂದೆ ಸರಿದರೆ ಸುತ್ತಲಿನ ಬಿಗಿ ಪೂರ್ತಿ ಬಿಟ್ಟುಹೋಗುತ್ತದೆ. ಟೇಪರ್ ನಿಧಾನವಾಗಿ ಸಡಿಲವಾಗುವುದಿಲ್ಲ. ಬಂದರೆ ಒಮ್ಮೆಲೇ ಬರುತ್ತದೆ.

ಎತ್ತಿನಗಾಡಿಯ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಆದರೆ ಒಂದು ಎಚ್ಚರಿಕೆ ಇದೆ, ಪರೀಕ್ಷೆಯಲ್ಲಿ ಕೇಳಲು ಒಳ್ಳೆಯ ಪ್ರಶ್ನೆಯೂ ಹೌದು. ಹೊರಗೆ ಬೀಡುಕಬ್ಬಿಣ, ಒಳಗೆ ಸ್ಟೇನ್‌ಲೆಸ್ ಶಾಫ್ಟ್ ಇದ್ದರೆ ಏನಾಗುತ್ತದೆ? ಟ್ರಾಲ್ ದೋಣಿಗಳ ಚುಕ್ಕಾಣಿಯ ತೋಳಿನಲ್ಲಿ ಇಂಥ ಜೋಡಿ ಸಿಗಬಹುದು. ಎರಡನ್ನೂ ಸಮವಾಗಿ ಕಾಯಿಸಿದರೆ ಒಳಗಿನದ್ದೇ ಹೆಚ್ಚು ಹಿಗ್ಗಿ ಬಿಗಿ ಇನ್ನೂ ಹೆಚ್ಚುತ್ತದೆ. ಅಲ್ಲಿ ಹೊರಗಿನದನ್ನು ಮಾತ್ರ ಬೇಗ ಕಾಯಿಸಿ, ಒಳಗಿನದು ಬಿಸಿಯಾಗುವ ಮೊದಲೇ ಎಳೆಯಬೇಕು. ಹಾಗಾಗಿ ಯಾವ ಲೋಹ ಹೊರಗೆ, ಯಾವುದು ಒಳಗೆ ಎಂದು ತಿಳಿಯದೆ ಬಿಸಿ ಮಾಡಬೇಡಿ.

ಬೆಂಕಿಯ ಬದಲು ಕುದಿಯುವ ನೀರು ಬಳಸಿದ್ದಕ್ಕೂ ಕಾರಣವಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ. ಟ್ಯಾಂಕನ್ನು ಇಳಿಸಿ, ಬ್ಯಾಟರಿ ಕಳಚಿದ ಮೇಲೂ ಗ್ಯಾಸ್ ಜ್ವಾಲೆಯನ್ನು ಆ ದೋಣಿಯೊಳಗೆ ತರಲು ನನಗೆ ಮನಸ್ಸಿಲ್ಲ. ಬ್ರೇಕ್ ತೊಳೆಯುವ ಕ್ಲೋರಿನ್‌ಯುಕ್ತ ಸ್ಪ್ರೇ ಹೊಡೆದ ಲೋಹವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದನ್ನಂತೂ ಎಂದೂ ಮಾಡಬೇಡಿ.

ಟ್ಯೂಬಿನೊಳಗಿನ ರಾಡ್

ಇಲ್ಲಿ ಶತ್ರು ಬೇರೆ. ರಾಡೂ ಸ್ಟೇನ್‌ಲೆಸ್, ಟ್ಯೂಬೂ ಸ್ಟೇನ್‌ಲೆಸ್. ಹಿಗ್ಗುವುದರಲ್ಲಿ ವ್ಯತ್ಯಾಸ ಸಿಗುವುದಿಲ್ಲ. ನಡುವೆ ತುಂಬಿದ್ದು ಮೇಣದಂತೆ ಗಟ್ಟಿಯಾದ ಹಳೆಯ ಗ್ರೀಸ್, ಉಪ್ಪು, ಅಷ್ಟಿಷ್ಟು ತುಕ್ಕು. ಆದರೂ ಬಿಸಿ ಬೇಕು, ಗ್ರೀಸನ್ನು ಮೆತ್ತಗಾಗಿಸಲು. ಮೂರು ದಿನ ಬೆಳಗ್ಗೆ ಕುದಿಯುವ ನೀರು, ಅದು ಒಣಗಿದ ಮೇಲೆ ಎರಡೂ ತುದಿಗಳಿಗೆ ತೆಳು ಎಣ್ಣೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಸಣ್ಣ ಸಂದಿ ಎಣ್ಣೆಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು. ಎಣ್ಣೆ ಬಿಟ್ಟ ಹತ್ತೇ ನಿಮಿಷಕ್ಕೆ ಸುತ್ತಿಗೆ ಎತ್ತುವವನು ಎಣ್ಣೆಯ ದುಡ್ಡು ದಂಡ ಮಾಡಿದ ಹಾಗೆ.

ನಾಲ್ಕನೆಯ ದಿನ ಕೇಬಲ್ ಕಡೆಯ ದೊಡ್ಡ ನಟ್ಟನ್ನು ಬಿಚ್ಚಿದೆವು. ಬಿಚ್ಚುವ ಮೊದಲು ಒಂದಿಷ್ಟು ಬಿಗಿಯುವ ಕಡೆಗೆ ಒತ್ತಿದ್ದು ಮೇಸ್ತ್ರಿಯವರ ಅಭ್ಯಾಸ. ತುಕ್ಕಿನ ಪದರ ಅಲ್ಲೇ ಬಿರುಕು ಬಿಡುತ್ತದೆ.

ಇನ್ನು ರಾಡನ್ನು ಎದುರು ತುದಿಯಿಂದ ಕೇಬಲ್ ಕಡೆಗೆ ತಳ್ಳಬೇಕು. ಹಿತ್ತಾಳೆ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆಯುವುದು ರೂಢಿ. ಅದೇ ಪ್ರಶ್ನೆ ಮತ್ತೆ: ಆ ಏಟು ಎಲ್ಲಿಗೆ ಹೋಗುತ್ತದೆ? ಟ್ಯೂಬಿನಿಂದ ಎಂಜಿನ್ ಹೊತ್ತ ಎರಕದ ಅಲ್ಯೂಮಿನಿಯಂ ಬ್ರಾಕೆಟ್ಟಿಗೆ. ಅದು ಬಾಗುವ ಜಾತಿಯದಲ್ಲ, ಸೀಳುವ ಜಾತಿ. ಕೇಬಲ್ ಹೋದರೆ ಹೋಯಿತು, ಬ್ರಾಕೆಟ್ ಸೀಳಿದರೆ ಎಂಜಿನ್ನನ್ನೇ ಇಳಿಸಬೇಕು.

ನಾವು ಟ್ಯೂಬಿನ ತುದಿಯ ಮರೆಯನ್ನೇ ಬಳಸಿಕೊಂಡೆವು. ಅದು ಇಂಚಿನ ಎಂಟನೇ ಏಳು ಭಾಗ ವ್ಯಾಸದ, ಇಂಚಿಗೆ 14 ಸುತ್ತಿನ ಮರೆ. ಅದಕ್ಕೆ ಹೊಂದುವ ನಟ್ಟಿಗೆ ಗೇಣುದ್ದದ ಪೈಪ್ ತುಂಡನ್ನು ಬೆಸೆದು, ಪೈಪಿನ ಇನ್ನೊಂದು ತುದಿಗೆ ದಪ್ಪ ತಗಡು, ಅದರ ನಡುವೆ ಮರೆ ಕೊರೆದು ಒಂದು ಬೋಲ್ಟ್. ರಾಡಿನ ಹೊರಚಾಚಿದ ತುದಿ ಪೈಪಿನೊಳಗೆ ಸೇರುತ್ತದೆ, ಬೋಲ್ಟ್ ಬಿಗಿದಂತೆ ಅದರ ಮೂತಿ ರಾಡನ್ನು ಒತ್ತುತ್ತದೆ. ಈ ಸಾಧನದ ಸೊಗಸು ಇಲ್ಲಿದೆ: ರಾಡನ್ನು ತಳ್ಳುವ ಬಲದ ಪ್ರತಿಬಲ ಟ್ಯೂಬಿನ ತುದಿಯಲ್ಲೇ ತೀರಿಹೋಗುತ್ತದೆ, ಬ್ರಾಕೆಟ್ಟಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬೋಲ್ಟನ್ನು ಕಾಲು ಸುತ್ತು ಬಿಗಿದು, ಟ್ಯೂಬಿನ ಮೇಲೆ ಮೆಲ್ಲಗೆ ತಟ್ಟಿ, ಕಾದೆವು. ಮತ್ತೆ ಕಾಲು ಸುತ್ತು. ಮಧ್ಯಾಹ್ನದ ಹೊತ್ತಿಗೆ ಕಿರ್ರೆಂದು ರಾಡ್ ಅಲುಗಾಡಿತು. ಹೊರಬಂದಾಗ ಅದರ ಮೈಮೇಲೆ ಕಾಫಿಪುಡಿ ಬಣ್ಣದ ಕೆಸರು, ಅದರಡಿ ಸೂಜಿ ಚುಚ್ಚಿದಂಥ ಗುಳಿಗಳು. ಸ್ಟೇನ್‌ಲೆಸ್ಸಿಗೂ ತುಕ್ಕೇ ಎಂದು ಬೆರಗಾಗಬೇಡಿ. ಅದನ್ನು ಕಾಯುವ ಕ್ರೋಮಿಯಂ ಆಕ್ಸೈಡ್ ಪೊರೆಗೆ ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಆ ಪೊರೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಮತ್ತೆ ಜೋಡಿಸುವಾಗ

ಗುಳಿ ಬಿದ್ದ ರಾಡಿನ ಕೇಬಲ್ಲನ್ನು ಉಜ್ಜಿ ಮತ್ತೆ ಹಾಕುವ ಆಸೆ ಬೇಡ, ಹೊಸದನ್ನೇ ಹಾಕಿ. ಲಿಂಕ್ ರಾಡಿನ ಲಾಕ್ ನಟ್ಟುಗಳೂ ಹೊಸವೇ ಇರಲಿ, ಒಮ್ಮೆ ಬಿಚ್ಚಿದ ನೈಲಾನ್ ನಟ್ಟಿನ ಹಿಡಿತವನ್ನು ನಂಬುವಂತಿಲ್ಲ. ಟ್ಯೂಬಿನ ಒಳಗನ್ನು ಕೋಲಿಗೆ ಸುತ್ತಿದ ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಸೀಮೆಎಣ್ಣೆಯಿಂದ ತೊಳೆದೆವು. ಹಳೆಯ ಗ್ರೀಸಿನ ಮೇಲೆ ಹೊಸ ಗ್ರೀಸ್ ಹಾಕಿದರೆ ಮುಂದಿನ ವರ್ಷ ಇದೇ ಕೆಲಸ.

ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಇರುವ ಟ್ಯೂಬಾದರೆ ಮೊದಲು ಚಕ್ರ ತಿರುಗಿಸಿ ರಾಡನ್ನು ಪೂರ್ತಿ ಒಳಗೆ ಎಳೆದುಕೊಂಡು, ಆಮೇಲೆ ಗ್ರೀಸ್ ಗನ್ ಒತ್ತಿ. ರಾಡ್ ಹೊರಚಾಚಿರುವಾಗ ತುಂಬಿದ ಗ್ರೀಸ್ ಅದು ಹಿಂದಿರುಗುವ ದಾರಿಗೇ ಅಡ್ಡ ಕೂರುತ್ತದೆ. ತುಕ್ಕೇ ಇಲ್ಲದೆ ಸ್ಟೀರಿಂಗ್ ಜಾಮ್ ಆಗುತ್ತದೆ.

ಈ ಮಳೆಗಾಲದಲ್ಲೂ ದೋಣಿ ಅದೇ ಹೊದಿಕೆಯಡಿ ನಿಂತಿದೆ. ಮಾಲೀಕರ ಮಗನಿಗೆ ಒಂದು ಕೆಲಸ ಒಪ್ಪಿಸಿದ್ದೇವೆ: ಪ್ರತಿ ಭಾನುವಾರ ಹೊದಿಕೆ ಸರಿಸಿ ಚಕ್ರವನ್ನು ಎಡದ ಕೊನೆಯಿಂದ ಬಲದ ಕೊನೆಗೆ ಹತ್ತು ಸಲ ತಿರುಗಿಸುವುದು. ಒಂದು ಭಾನುವಾರ ಮರೆತಾಗ ಅವನು ಸೋಮವಾರವೇ ಫೋನ್ ಮಾಡಿ ಒಪ್ಪಿಕೊಂಡ.